ಕೆಂಪು ದೀಪ ಉರಿಯುತ್ತದೆ, ಒಲೆ ಹತ್ತುವುದಿಲ್ಲ: ಹಾಯಿದೋಣಿಯ ಗ್ಯಾಸ್ ವ್ಯವಸ್ಥೆಯಲ್ಲಿ ವಿದ್ಯುತ್ ದೋಷ ಹುಡುಕುವ ಬಗೆ

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಸೆಪ್ಟೆಂಬರಿನ ಒಂದು ಸಂಜೆ. ಲಂಗರು ಹಾಕಿ, ಹಾಯಿ ಮಡಚಿಟ್ಟು, ಅನ್ನಕ್ಕಿಡೋಣವೆಂದು ಒಲೆ ಹಚ್ಚಿದರೆ ಹತ್ತಲಿಲ್ಲ. ಒಲೆಯ ಪಕ್ಕದ ಗ್ಯಾಸ್ ಸ್ವಿಚ್ಚಿನ ಕೆಂಪು ದೀಪ ಮಾತ್ರ ಎಂದಿನಂತೆ ಉರಿಯುತ್ತಿತ್ತು. ಸಿಲಿಂಡರ್ ಹಿಂದಿನ ವಾರವಷ್ಟೇ ತುಂಬಿಸಿದ್ದು. ಆ ರಾತ್ರಿ ಮೊಸರವಲಕ್ಕಿ ತಿಂದು ಮಲಗಿದೆವು.

ಮಾರನೆಯ ವಾರ ಕೊಲ್ಲಿಯ ದಡದ ಊರು ಅನಾಪೊಲಿಸ್‌ನಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಗ್ಯಾಸ್ ದಾರಿ ತೆರೆದು ಮುಚ್ಚುವ ವಾಲ್ವ್, ಕೆಟ್ಟಿದೆ ಎಂದುಕೊಂಡು ಹೊಸದನ್ನು ತಂದು ಹಾಕಿದೆ. ಅದೂ ಅಲುಗಲಿಲ್ಲ. ದೋಷವಿದ್ದದ್ದು ಬೇರೆಲ್ಲೋ, ಎರಡು ಇಂಚು ಉದ್ದದ ಹಸಿರು ಹಿಡಿದ ತಂತಿಯಲ್ಲಿ. ಮೀಟರ್ ಹಿಡಿದು ಕ್ರಮವಾಗಿ ಅಳೆದಿದ್ದರೆ ಒಂದು ಗಂಟೆಯಲ್ಲಿ ಸಿಗುತ್ತಿತ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೋಣಿಯ 12 ವೋಲ್ಟ್ ವೈರಿಂಗನ್ನು ಅಲ್ಪಸ್ವಲ್ಪ ಮುಟ್ಟಿ ಗೊತ್ತಿರುವವರಿಗೆ ಇಷ್ಟು ಸಾಕು. ಗ್ಯಾಸಿನ ಪೈಪು, ರೆಗ್ಯುಲೇಟರ್ ಬಿಚ್ಚುವ ಕೆಲಸವನ್ನು ತಿಳಿದವರಿಗೇ ಬಿಡಿ.

ಮನೆಯ ಸಿಲಿಂಡರ್ ಬೇರೆ, ದೋಣಿಯದು ಬೇರೆ

ಊರಿನ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಕಿಟಕಿ, ಬಾಗಿಲು ತೆರೆಯುತ್ತೇವೆ. ಹೊಸಿಲು ದಾಟಿ ಗ್ಯಾಸ್ ಹೊರಗೆ ಹೋಗುತ್ತದೆ. ದೋಣಿಯ ಒಡಲಿಗೆ ಹೊಸಿಲಿಲ್ಲ. ಅದೊಂದು ದೊಡ್ಡ ಹಂಡೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೀರಿನ ಹಾಗೆ ಕೆಳಗಿಳಿದು ಬಿಲ್ಜ್‌ನಲ್ಲಿ, ಅಂದರೆ ದೋಣಿಯ ತಳದಲ್ಲಿ, ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 2ರ ಆಸುಪಾಸು ಮುಟ್ಟಿದರೆ ಒಂದು ಕಿಡಿ ಸಾಕು. ಬಿಲ್ಜ್ ಪಂಪು, ಬ್ಯಾಟರಿ, ಎಂಜಿನ್ನಿನ ಸ್ಟಾರ್ಟರ್ ಎಲ್ಲವೂ ಇರುವುದು ಆ ತಳದ ಹತ್ತಿರವೇ.

ಆದ್ದರಿಂದಲೇ ಸಿಲಿಂಡರ್ ದೋಣಿಯ ಒಳಗಿರುವುದಿಲ್ಲ. ಕಾಕ್‌ಪಿಟ್ಟಿನ ಬದಿಯಲ್ಲೋ ಹಿಂಭಾಗದಲ್ಲೋ ಮುಚ್ಚಳ ಮೇಲಕ್ಕೆ ತೆರೆಯುವ ಪ್ರತ್ಯೇಕ ಲಾಕರಿನಲ್ಲಿರುತ್ತದೆ. ಲಾಕರಿನ ತಳದಿಂದ ಹೊರಕ್ಕೆ ಕೊಳವೆ, ಒಳಕ್ಕೆ ಹೋಗುವ ತಂತಿಗೂ ಗ್ಯಾಸ್ ನುಸುಳದ ಬಿರಡೆ. ಲಾಕರಿನಲ್ಲಿ ಸಿಲಿಂಡರಿನ ಕೈ ವಾಲ್ವ್, ಪ್ರೆಶರ್ ಗೇಜ್, ರೆಗ್ಯುಲೇಟರ್, ಸೊಲೆನಾಯ್ಡ್ ಇರುತ್ತವೆ. ಅಲ್ಲಿಂದ ಒಂದೇ ಹೋಸ್ ಒಲೆಯ ತನಕ. ಸೊಲೆನಾಯ್ಡ್ ಎಂದರೆ ವಿದ್ಯುತ್ ಕಾಂತದ ವಾಲ್ವ್: ಕರೆಂಟ್ ಇದ್ದರೆ ತೆರೆದಿರುತ್ತದೆ, ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಅಡುಗೆಯವರು ಒಲೆಯ ಹತ್ತಿರ ನಿಂತೇ ಗ್ಯಾಸನ್ನು ಮೂಲದಲ್ಲಿ ನಿಲ್ಲಿಸಲು ಈ ಏರ್ಪಾಡು. ಇದರ ಜೊತೆಗೆ ಅನೇಕ ದೋಣಿಗಳಲ್ಲಿ ಗ್ಯಾಸ್ ಮೂಸುವ ಸೆನ್ಸರುಗಳೂ ಇರುತ್ತವೆ, ಒಂದು ಒಲೆಯ ಕೆಳಗೆ, ಇನ್ನೊಂದು ಬಿಲ್ಜ್‌ನಲ್ಲಿ. ಅವು ವಾಸನೆ ಹಿಡಿದರೆ ಅಲಾರಂ ಹೊಡೆದು ಸೊಲೆನಾಯ್ಡಿನ ಕರೆಂಟನ್ನು ತಾವೇ ಕಡಿಯುತ್ತವೆ.

ವಿದ್ಯುತ್ತಿನ ದಾರಿ ಹೀಗೆ: ಬ್ಯಾಟರಿಯ ಪ್ಲಸ್, ಬ್ರೇಕರ್, ಫ್ಯೂಸ್, ಒಲೆಯ ಪಕ್ಕದ ಸ್ವಿಚ್, ಉದ್ದದ ತಂತಿ, ಸೊಲೆನಾಯ್ಡಿನ ಕಾಯಿಲ್ (ಒಳಗಿನ ತಂತಿ ಸುರುಳಿ), ಮತ್ತೆ ಅಷ್ಟೇ ಉದ್ದದ ಮೈನಸ್ ತಂತಿ, ಬ್ಯಾಟರಿಯ ಮೈನಸ್. ಒಂದು ಹಾಳೆಯಲ್ಲಿ ನಿಮ್ಮ ದೋಣಿಯ ಈ ದಾರಿಯನ್ನು ಬರೆದುಕೊಳ್ಳಿ. ಆ ಕೆಂಪು ದೀಪ ಎಲ್ಲಿ ಸೇರಿದೆ ನೋಡಿ. ಸ್ವಿಚ್ಚಿನಲ್ಲಿ. ಅಂದರೆ ಸ್ವಿಚ್ಚಿನ ತನಕ ಕರೆಂಟ್ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. ಸೊಲೆನಾಯ್ಡ್ ತೆರೆದಿದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇಲ್ಲ.

ಹಂತ 1: ವಾಸನೆ ಇದೆಯೇ?

ಗ್ಯಾಸ್ ವಾಸನೆ ಇದ್ದರೆ, ಅಥವಾ ಅಲಾರಂ ಕೂಗುತ್ತಿದ್ದರೆ, ಅದು ಸುಳ್ಳು ಅಲಾರಂ ಎಂದು ನಿಮಗೆ ಎಷ್ಟೇ ಅನ್ನಿಸಿದರೂ ದೋಷ ಹುಡುಕುವ ಹೊತ್ತು ಅದಲ್ಲ. ಉರಿಯುವ ಬೆಂಕಿ ಆರಿಸಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ದಡದ ಕರೆಂಟಿನ ಪ್ಲಗ್ಗನ್ನೂ ಕೀಳಬೇಡಿ. ಎಲ್ಲರೂ ಮೇಲೆ ಬಂದು, ಸಿಲಿಂಡರಿನ ಕೈ ವಾಲ್ವ್ ಮುಚ್ಚಿ, ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಿ. ಗ್ಯಾಸ್ ಭಾರವಾದ್ದರಿಂದ ಹಳೆಯ ನಾವಿಕರು ಬಿಲ್ಜ್‌ನಿಂದ ಅದನ್ನು ಬಕೆಟ್ಟಿನಲ್ಲಿ ಮೊಗೆದು ಹೊರಗೆ ಸುರಿಯುವುದುಂಟು. ನೋಡಲು ಹುಚ್ಚು ಹಿಡಿದವರ ಹಾಗೆ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.

ಹಂತ 2: ಕರೆಂಟಿನ ದೋಷವೋ, ಗ್ಯಾಸಿನದೋ?

ಮೀಟರ್ ಹೊರತೆಗೆಯುವ ಮೊದಲು ಲಕ್ಷಣ ನೋಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಒಲೆಯ ಗುಬ್ಬಿ (ನಾಬ್) ಒತ್ತಿ ಹಿಡಿದಿರುವಷ್ಟು ಹೊತ್ತು ಉರಿ ಇದ್ದು ಕೈಬಿಟ್ಟೊಡನೆ ಆರಿದರೆ, ಅದೂ ಒಂದೇ ಬರ್ನರಿನಲ್ಲಾದರೆ, ತೊಂದರೆ ಒಲೆಯಲ್ಲಿರುವ ಥರ್ಮೋಕಪಲ್‌ನದು, ಅಂದರೆ ಉರಿ ಇರುವ ತನಕ ಗ್ಯಾಸ್ ದಾರಿ ತೆರೆದಿಡುವ ಸಣ್ಣ ಕಡ್ಡಿಯದು. ಸೊಲೆನಾಯ್ಡಿನ ತಂಟೆಗೆ ಹೋಗಬೇಡಿ. ಎಲ್ಲ ಬರ್ನರುಗಳೂ ಒಟ್ಟಿಗೆ ಆರಿದರೆ, ಅಥವಾ ಯಾವುದೂ ಹತ್ತದಿದ್ದರೆ, ಆಗ ಸೊಲೆನಾಯ್ಡ್, ಅದರ ತಂತಿ, ಇಲ್ಲವೇ ಸಿಲಿಂಡರನ್ನು ಅನುಮಾನಿಸಬೇಕು.

ಈಗ ಲಾಕರ್ ತೆರೆದು ಗೇಜ್ ನೋಡಿ. ಕೈ ವಾಲ್ವ್ ತೆರೆದಾಗ ಮುಳ್ಳು ಏರದಿದ್ದರೆ ಸಿಲಿಂಡರ್ ಖಾಲಿ. 20 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಪ್ರೊಪೇನ್ 110 ಪಿಎಸ್‌ಐ (ಚದರ ಇಂಚಿಗೆ 110 ಪೌಂಡ್) ಆಸುಪಾಸು ಒತ್ತಡ ತೋರಿಸುತ್ತದೆ. ಆದರೆ ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಲೆಕ್ಕ ಹಾಕಬೇಡಿ. ಒಳಗೆ ಒಂದು ಲೋಟದಷ್ಟು ದ್ರವವಿದ್ದರೂ ಒತ್ತಡ ಅಷ್ಟೇ ಇರುತ್ತದೆ.

ಇನ್ನೊಂದು ಮೋಸವಿದೆ. ಅಮೆರಿಕದ ಸಿಲಿಂಡರುಗಳಿಗೆ ಕೈಯಲ್ಲೇ ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ನಟ್ಟಿನ ಕನೆಕ್ಟರ್ ಬರುತ್ತದಲ್ಲ, ಅದರೊಳಗೆ ಅತಿಹರಿವು ತಡೆಯುವ ಒಂದು ಗುಂಡು ಇರುತ್ತದೆ. ಕೈ ವಾಲ್ವನ್ನು ಗಬಕ್ಕನೆ ತೆರೆದರೆ ಹೋಸ್ ಒಡೆದಿದೆ ಎಂದುಕೊಂಡು ಅದು ದಾರಿ ಮುಚ್ಚಿಬಿಡುತ್ತದೆ. ಆಗ ಉರಿ ಮಿಣುಕು ದೀಪದಷ್ಟು ಬರುತ್ತದೆ, ಬರದೆಯೂ ಇರಬಹುದು. ಎಲ್ಲವನ್ನೂ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ವಾಲ್ವನ್ನು ನಿಧಾನ ತಿರುಗಿಸಿ. ಇಷ್ಟರಿಂದಲೇ ಸರಿಹೋದ ‘ಕರೆಂಟ್ ದೋಷ’ಗಳನ್ನು ನಾನು ಕಂಡಿದ್ದೇನೆ.

ಕೊನೆಗೆ ಟಿಕ್ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ನನ್ನ ಹೆಂಡತಿ ಒಳಗೆ ಸ್ವಿಚ್ಚಿನ ಹತ್ತಿರ ನಿಲ್ಲುತ್ತಾಳೆ, ನಾನು ಲಾಕರಿನಲ್ಲಿ ಸೊಲೆನಾಯ್ಡಿನ ಮೇಲೆ ಬೆರಳಿಡುತ್ತೇನೆ. ‘ಹಾಕಿದೆ’ ಎಂದಾಗ ಬೆರಳಿಗೆ ಟಿಕ್ ಎಂದು ತಾಗಬೇಕು, ‘ಆರಿಸಿದೆ’ ಎಂದಾಗ ಇನ್ನೊಮ್ಮೆ. ಒಬ್ಬರೇ ಇದ್ದರೆ ಸ್ವಿಚ್ ಹಾಕಿ ಬಂದು ಕಾಯಿಲಿನ ಬಳಿ ಸಣ್ಣ ದಿಕ್ಸೂಚಿ ಹಿಡಿಯಿರಿ. ಕಾಂತ ಹುಟ್ಟಿದ್ದರೆ ಮುಳ್ಳು ಹೊರಳುತ್ತದೆ. ಟಿಕ್ ಸರಿಯಾಗಿ ತಾಗಿಯೂ ಗ್ಯಾಸ್ ಬರದಿದ್ದರೆ ಅದು ವಿದ್ಯುತ್ ದೋಷವಲ್ಲ. ಟಿಕ್ ಇಲ್ಲದಿದ್ದರೆ ಮುಂದೆ ಓದಿ.

ಹಂತ 3: ಸಿಲಿಂಡರನ್ನು ದಡಕ್ಕೆ ಇಳಿಸಿ

ಗ್ಯಾಸಿರುವ ಲಾಕರಿನಲ್ಲಿ ಮೀಟರಿನ ಕಡ್ಡಿ ಆಡಿಸಬಾರದು. ಅದೃಷ್ಟವಶಾತ್, ವಿದ್ಯುತ್ತಿನ ಒಂದು ಪರೀಕ್ಷೆಗೂ ಗ್ಯಾಸ್ ಬೇಕಿಲ್ಲ. ದೋಣಿಯ ಸೊಲೆನಾಯ್ಡ್ ಗ್ಯಾಸಿಲ್ಲದೆಯೂ ಟಿಕ್ ಎನ್ನುತ್ತದೆ. ಕೈ ವಾಲ್ವ್ ಮುಚ್ಚಿ, ಸಿಲಿಂಡರ್ ಬಿಚ್ಚಿ ಡಾಕ್ ಮೇಲೆ ನಿಲ್ಲಿಸಿ. ಲಾಕರಿನ ಮುಚ್ಚಳ ತೆರೆದಿಟ್ಟು ಗಾಳಿಯಾಡಲಿ. ಆ ಹೊತ್ತಿಗೆ ಕಾಫಿ ಕುಡಿಯಬಹುದು, ದಡದ ಅಂಗಡಿಯಲ್ಲಿ.

ಬೇಕಾದ ಸಾಮಾನು: ಒಂದು ಮಲ್ಟಿಮೀಟರ್, ಮತ್ತು ದೋಣಿಯಷ್ಟೇ ಉದ್ದದ ಒಂದು ಬಿಡಿ ತಂತಿ, ಎರಡು ತುದಿಗೂ ಮೊಸಳೆ ಕ್ಲಿಪ್ ಹಾಕಿದ್ದು. ಮೀಟರ್ ಅಗ್ಗದ್ದಾದರೂ ನಡೆಯುತ್ತದೆ. ಆ ಉದ್ದದ ತಂತಿ ಇಲ್ಲದೆ ನಡೆಯುವುದಿಲ್ಲ.

ಹಂತ 4: ಹೊರೆ ಹೊತ್ತಾಗಲೇ ಅಳೆಯಿರಿ

ನಾನು ಮೋಸಹೋದದ್ದು ಇಲ್ಲಿ. ಸೊಲೆನಾಯ್ಡಿನ ತಂತಿಗಳನ್ನು ಕಳಚಿ, ತುದಿಗಳಿಗೆ ಮೀಟರ್ ಹಿಡಿದೆ. 12.5 ವೋಲ್ಟ್. ಕರೆಂಟ್ ಚೆನ್ನಾಗಿ ಬರುತ್ತಿದೆ, ಹಾಗಾದರೆ ಸೊಲೆನಾಯ್ಡೇ ಸತ್ತಿದೆ ಎಂದು ತೀರ್ಮಾನಿಸಿದೆ.

ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ತುಕ್ಕು ಹಿಡಿದು ಒಂದೇ ಎಳೆ ಉಳಿದ ತಂತಿಯಲ್ಲೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಸ ಕಟ್ಟಿಕೊಂಡ ನಲ್ಲಿಯ ಪೈಪಿನಲ್ಲಿ ನಲ್ಲಿ ಮುಚ್ಚಿರುವಾಗ ಒತ್ತಡ ಸರಿಯಾಗಿಯೇ ಇರುತ್ತದೆ. ತಿರುಗಿಸಿದಾಗಲಷ್ಟೇ ನೀರು ಸಣ್ಣಗೆ ಬರುವುದು ಗೊತ್ತಾಗುತ್ತದೆ. ತಂತಿಯದೂ ಅದೇ ಕಥೆ. ಸೊಲೆನಾಯ್ಡ್ ಜೋಡಿಸಿ, ಸ್ವಿಚ್ ಹಾಕಿ, ಕರೆಂಟ್ ಹರಿಯುತ್ತಿರುವಾಗ ಅಳೆದರೆ ಮಾತ್ರ ನಿಜ ಹೊರಬೀಳುತ್ತದೆ.

ಹಾಗೆ ಅಳೆದಾಗ ನನ್ನ ಸೊಲೆನಾಯ್ಡಿನ ಎರಡು ತುದಿಗಳ ನಡುವೆ ಇದ್ದದ್ದು 6.8 ವೋಲ್ಟ್. ಅಷ್ಟರಲ್ಲಿ ಅದು ಏಳುವುದಿಲ್ಲ. ಉಳಿದ 5.7 ವೋಲ್ಟ್ ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಎಲ್ಲಿ ಎಂದು ಹೀಗೆ ಹುಡುಕಿ:

ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ವಿಶ್ರಾಂತಿಯಲ್ಲಿರುವ ತುಂಬಿದ ಸೀಸ-ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರುತ್ತದೆ, 12.2 ಎಂದರೆ ಅರ್ಧ ಖಾಲಿ. ಬ್ಯಾಟರಿಯೇ ಸೋತಿದ್ದರೆ ಮುಂದಿನದೆಲ್ಲ ವ್ಯರ್ಥ.

ಎರಡನೆಯದು ಪ್ಲಸ್ ಬದಿ. ಉದ್ದದ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಲಾಕರಿಗೆ ಎಳೆದು ತನ್ನಿ. ಈ ತಂತಿಗೆ ಬ್ಯಾಟರಿಯ ಹತ್ತಿರ 1 ಆಂಪಿಯರಿನ ಒಂದು ಫ್ಯೂಸ್ ಇರಲಿ, ಎಲ್ಲಾದರೂ ಲೋಹಕ್ಕೆ ತಾಗಿದರೆ ಕಿಡಿ ಹಾರದಂತೆ. ಮೀಟರಿನ ಒಂದು ಕಡ್ಡಿ ಆ ತುದಿಗೆ, ಇನ್ನೊಂದು ಸೊಲೆನಾಯ್ಡಿನ ಪ್ಲಸ್‌ಗೆ. ಸ್ವಿಚ್ ಹಾಕಿರಲಿ. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ನನ್ನದರಲ್ಲಿ 0.3 ಇತ್ತು.

ಮೂರನೆಯದು ಮೈನಸ್ ಬದಿ, ಎಲ್ಲರೂ ಮರೆಯುವುದು ಇದನ್ನೇ. ಉದ್ದದ ತಂತಿ ಈಗ ಬ್ಯಾಟರಿಯ ಮೈನಸ್‌ನಿಂದ ಬರಲಿ, ಮೀಟರಿನ ಇನ್ನೊಂದು ಕಡ್ಡಿ ಸೊಲೆನಾಯ್ಡಿನ ಮೈನಸ್‌ಗೆ. ನನ್ನ ಮೀಟರ್ 5.4 ತೋರಿಸಿತು. ಕಳ್ಳ ಸಿಕ್ಕಿದ.

ಸಿಕ್ಕಿದವನು ಆ ಬದಿಯಲ್ಲಿ ಎಲ್ಲಿ ಕುಳಿತಿದ್ದಾನೆ ಎಂದು ತಿಳಿಯಲು ಒಂದೊಂದೇ ಜೋಡಣೆಯನ್ನು ದಾಟುತ್ತಾ ಹೋಗಿ. ಜೋಡಣೆಯ ಈಚೆ ಒಂದು ಕಡ್ಡಿ, ಆಚೆ ಒಂದು ಕಡ್ಡಿ. ಆರೋಗ್ಯವಾದ ಜೋಡಣೆಯಲ್ಲಿ ನೂರರಲ್ಲೊಂದು ವೋಲ್ಟೂ ಕಾಣುವುದಿಲ್ಲ. ಫ್ಯೂಸ್ ಹೋಲ್ಡರ್, ಸ್ವಿಚ್ಚಿನ ಸ್ಪೇಡ್ ಕನೆಕ್ಟರ್, ಮೈನಸ್ ತಂತಿಗಳೆಲ್ಲ ಸೇರುವ ಹಿತ್ತಾಳೆ ಪಟ್ಟಿಯ ಸ್ಕ್ರೂ, ಲಾಕರಿನ ಒಳಗಿನ ಜೋಡಣೆ ಎಲ್ಲವನ್ನೂ ನೋಡಿ. ನನ್ನದು ಲಾಕರಿನ ತಳದಲ್ಲಿ, ಮಳೆನೀರು ನಿಲ್ಲುವ ಮೂಲೆಯಲ್ಲಿತ್ತು. ಯಾರೋ ಹಿಂದಿನವರು ಅಂಟಿಲ್ಲದ ಕೆಂಪು ಕ್ರಿಂಪಿನಲ್ಲಿ, ಅಂದರೆ ಒತ್ತಿ ಬಿಗಿಯುವ ಲೋಹದ ಕೊಳವೆಯಲ್ಲಿ, ಎರಡು ತಂತಿಗಳನ್ನು ಒತ್ತಿ ಸೇರಿಸಿದ್ದರು. ಕತ್ತರಿಸಿ ನೋಡಿದರೆ ಒಳಗೆ ತಾಮ್ರವಿರಲಿಲ್ಲ, ಹಸಿರು ಪುಡಿಯಿತ್ತು.

ಲೆಕ್ಕ ಬೇಕೆನ್ನುವವರಿಗೆ: ನನ್ನ ಕಾಯಿಲಿನ ರೋಧ 15 ಓಮ್. ಅದರಲ್ಲಿ 6.8 ವೋಲ್ಟ್ ಬಿದ್ದರೆ ಹರಿಯುವ ಕರೆಂಟ್ 0.45 ಆಂಪಿಯರ್. ಅದೇ ಕರೆಂಟಿಗೆ 5.4 ವೋಲ್ಟ್ ನುಂಗುವ ಜೋಡಣೆ 12 ಓಮ್ ಆಯಿತು. ಹೋಲಿಕೆಗೆ, 16 ಗೇಜ್ ದಪ್ಪದ ಒಳ್ಳೆಯ ತಾಮ್ರದ ತಂತಿ 20 ಮೀಟರ್ ಉದ್ದವಿದ್ದರೂ ಅದರ ರೋಧ ಕಾಲು ಓಮ್ ಅಷ್ಟೆ. ಹಾಗಾಗಿ ‘ತಂತಿ ಸಣ್ಣದಾಯಿತು’ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಜೋಡಣೆಗಳನ್ನು ನೋಡಿ.

ಖಚಿತ ಮಾಡಿಕೊಳ್ಳಲು, ಉದ್ದದ ತಂತಿಯಿಂದ ಸೊಲೆನಾಯ್ಡಿನ ಮೈನಸ್ಸನ್ನು ನೇರ ಬ್ಯಾಟರಿಯ ಮೈನಸ್‌ಗೆ ಸೇರಿಸಿ ನೋಡಿ. ಟಿಕ್ ಎಂದರೆ ತೀರ್ಪು ಬಂದಂತೆಯೇ. ಇದು ಸಿಲಿಂಡರ್ ದಡದಲ್ಲಿರುವಾಗ ಮಾಡುವ ಪರೀಕ್ಷೆ ಮಾತ್ರ.

ಹಂತ 5: ಕಾಯಿಲ್

ಕಾಯಿಲಿಗೆ 12 ವೋಲ್ಟ್ ಸರಿಯಾಗಿ ಬಂದೂ ಅಲುಗದಿದ್ದರೆ ಆಗ ಸೊಲೆನಾಯ್ಡ್ ಮೇಲೆ ಕೈ ಹಾಕಿ. ಸ್ವಿಚ್ ಆರಿಸಿ, ಒಂದು ತಂತಿ ಕಳಚಿ, ಓಮ್ ಅಳೆಯಿರಿ. ಎಷ್ಟಿರಬೇಕು ಎಂಬುದನ್ನು ಅದರ ಮೈಮೇಲಿನ ಬರಹದಿಂದ ತಿಳಿಯಬಹುದು: 10 ವಾಟ್ ಎಂದಿದ್ದರೆ 12ರ ವರ್ಗ 144 ಭಾಗಿಸು 10, ಅಂದರೆ 14 ಓಮ್ ಚಿಲ್ಲರೆ. ಮೀಟರ್ ಅನಂತ ತೋರಿಸಿದರೆ ಕಾಯಿಲ್ ಒಳಗೆ ಕಡಿದಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಆಗಿದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಾರಣ ಇದಿರಬಹುದು, ಅಥವಾ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಹೋದ ತಂತಿ. ಕಡಿಮೆ ಕರೆಂಟಿನ ಹೊಸ ಮಾದರಿಗಳ ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಅವುಗಳಿಗೆ ಈ ಓಮ್ ಲೆಕ್ಕ ಹೊಂದುವುದಿಲ್ಲ, ಮತ್ತು ಪ್ಲಸ್ ಮೈನಸ್ ಅದಲುಬದಲಾದರೆ ಅವು ಸಹಿಸುವುದಿಲ್ಲ.

‘ಶುರುವಿನಲ್ಲಿ ಸರಿ, ಆರಿಸಿ ಮತ್ತೆ ಹಾಕಿದರೆ ಇಲ್ಲ’ ಎಂಬ ದೂರಿಗೆ ಕಾರಣ ಬಿಸಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ, ಕಾಯಿಲ್ 50 ಡಿಗ್ರಿ ಬಿಸಿಯಾದರೆ ಐದರಲ್ಲಿ ಒಂದು ಪಾಲು ಹೆಚ್ಚಾಯಿತು. ವಾಲ್ವನ್ನು ಹಿಡಿದಿಡಲು ಬೇಕಾದದ್ದಕ್ಕಿಂತ ಮೊದಲ ಸಲ ಎಳೆಯಲು ಹೆಚ್ಚು ಕರೆಂಟ್ ಬೇಕು. ತಂಪಿನಲ್ಲಿ ಹೇಗೋ ಎದ್ದದ್ದು ಬಿಸಿಯಲ್ಲಿ ಏಳುವುದಿಲ್ಲ. ಇಂಥಲ್ಲಿ ಕಾಯಿಲ್ ಬದಲಿಸುವ ಮೊದಲು ಹಂತ 4ನ್ನು ಇನ್ನೊಮ್ಮೆ ಮಾಡಿ. ಸಾಮಾನ್ಯವಾಗಿ ಒಂದೆರಡು ವೋಲ್ಟ್ ಎಲ್ಲೋ ಕಳೆದಿರುತ್ತದೆ. ಅಂದಹಾಗೆ, ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗುವುದು ದೋಷವಲ್ಲ. ಆದರೆ 0.8 ಆಂಪಿಯರ್ ಎಳೆಯುವ ಸೊಲೆನಾಯ್ಡಿನ ಸ್ವಿಚ್ಚನ್ನು ಮರೆತು ಇಡೀ ದಿನ ಬಿಟ್ಟರೆ 19 ಆಂಪಿಯರ್-ಗಂಟೆ ಹೋಯಿತು, 100ರ ಬ್ಯಾಟರಿಯಲ್ಲಿ ಐದನೇ ಒಂದು ಪಾಲು. ಅಡುಗೆ ಮುಗಿದೊಡನೆ ಆರಿಸಿ.

ಹಂತ 6: ಮೂಸುವ ಸೆನ್ಸರ್ ಸುಮ್ಮನೆ ಕೂಗಿದರೆ

ಸೆನ್ಸರ್ ಪ್ರೊಪೇನನ್ನೊಂದೇ ಮೂಸುವುದಿಲ್ಲ. ಅಸಿಟೋನ್, ಬಣ್ಣದ ತಿನ್ನರ್, ಸ್ಪಿರಿಟ್, ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಬರುವ ಹೈಡ್ರೋಜನ್, ಎಲ್ಲಕ್ಕೂ ಕೂಗುತ್ತದೆ. ಸಿಲಿಕೋನ್ ಸೀಲೆಂಟಿನ ಆವಿಯಂತೂ ಅದಕ್ಕೆ ವಿಷ. ಅನೇಕ ಸೆನ್ಸರುಗಳು ಅದರಿಂದ ಶಾಶ್ವತವಾಗಿ ಕುರುಡಾಗುತ್ತವೆ. ಎಂಜಿನ್ ಸ್ಟಾರ್ಟ್ ಮಾಡುವಾಗ ಮಾತ್ರ ಕೂಗುತ್ತದೆ ಎಂದಾದರೆ ಅದು ಸಾಮಾನ್ಯವಾಗಿ ಗ್ಯಾಸಲ್ಲ, ಸ್ಟಾರ್ಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಸೆನ್ಸರುಗಳನ್ನು ನಡೆಸುವ ಪೆಟ್ಟಿಗೆ ಮತ್ತೆ ಮೊದಲಿನಿಂದ ಶುರುವಾಗುತ್ತಿರುವುದು. ಪೆಟ್ಟಿಗೆಗೆ ಕರೆಂಟ್ ಕೊಟ್ಟೊಡನೆ ಸೆನ್ಸರ್ ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆ ತನಕ ಸೊಲೆನಾಯ್ಡ್ ತೆರೆಯದಿದ್ದರೆ ಗಾಬರಿ ಬೇಡ.

ಎರಡು ಸೆನ್ಸರುಗಳಿದ್ದರೆ ಒಂದು ಸುಲಭದ ಉಪಾಯವಿದೆ. ಪೆಟ್ಟಿಗೆಯ ಹಿಂದೆ ಅವುಗಳ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ‘ಸೆನ್ಸರ್ 2 ದೋಷ’ ಎನ್ನುತ್ತಿದ್ದದ್ದು ಈಗ ‘ಸೆನ್ಸರ್ 1 ದೋಷ’ ಎಂದರೆ ಸೆನ್ಸರೋ ಅದರ ತಂತಿಯೋ ಕೆಟ್ಟಿದೆ. 2 ಎಂದೇ ಹೇಳುತ್ತಿದ್ದರೆ ಪೆಟ್ಟಿಗೆಯೇ ಕೆಟ್ಟಿದೆ. ಬಿಲ್ಜ್ ನೀರಿನಲ್ಲಿ ಒಮ್ಮೆ ಮುಳುಗಿದ ಸೆನ್ಸರನ್ನು ಒಣಗಿಸಿ ನಂಬಬೇಡಿ, ಬದಲಿಸಿ. ಅದರ ಮೇಲೆ ನಮೂದಾದ ಆಯುಷ್ಯ ಮುಗಿದಿದ್ದರೂ ಅಷ್ಟೇ.

ಕೂಗಾಟ ತಾಳಲಾರದೆ ಸೆನ್ಸರ್ ಕಿತ್ತು ಸೊಲೆನಾಯ್ಡಿಗೆ ನೇರ ಕರೆಂಟ್ ಕೊಟ್ಟ ದೋಣಿಗಳಿವೆ. ಸೊಲೆನಾಯ್ಡನ್ನೇ ತೆಗೆದು ಪೈಪಿನ ತುಂಡು ಹಾಕಿಕೊಂಡವರೂ ಇದ್ದಾರೆ. ನನ್ನನ್ನು ಕೇಳಿದರೆ ಅಂಥ ದೋಣಿಯಲ್ಲಿ ನಾನು ರಾತ್ರಿ ಮಲಗುವುದಿಲ್ಲ. ಮೊಸರವಲಕ್ಕಿ ಇನ್ನೆರಡು ದಿನ ತಿಂದರೆ ಯಾರಿಗೂ ಏನೂ ಆಗುವುದಿಲ್ಲ.

ಒಲೆಯ ಎರಡು ಸಣ್ಣ ಕರೆಂಟುಗಳು

ಥರ್ಮೋಕಪಲ್ ದೋಣಿಯ ಬ್ಯಾಟರಿಯನ್ನು ನೆಚ್ಚಿಕೊಂಡಿಲ್ಲ. ಉರಿಯ ಬಿಸಿಯಿಂದ ತಾನೇ 20–30 ಮಿಲಿವೋಲ್ಟ್ ಹುಟ್ಟಿಸಿ, ಗುಬ್ಬಿಯ ಹಿಂದಿನ ಪುಟ್ಟ ಕಾಂತವನ್ನು ಹಿಡಿದಿಡುತ್ತದೆ. ಅಷ್ಟು ಕಡಿಮೆ ವೋಲ್ಟೇಜಿಗೆ ಉಗುರಿನ ಕೊಳೆಯಷ್ಟು ತುಕ್ಕೂ ಗೋಡೆಯೇ. ತುದಿಯ ಮಸಿ ಒರೆಸಿ, ಅದು ಉರಿಯೊಳಗೆ ನಿಂತಿದೆಯೇ ನೋಡಿ, ಹಿಂಬದಿಯ ಜೋಡಣೆಯನ್ನು ಶುಚಿಮಾಡಿ ಬಿಗಿಮಾಡಿ. ಆಗಲೂ ನಿಲ್ಲದಿದ್ದರೆ ಬದಲಿಸಿ. ಕಿಡಿ ಹೊತ್ತಿಸುವ ಇಗ್ನೈಟರಿನದು ಇನ್ನೂ ಚಿಕ್ಕ ಕಥೆ: ಪೆನ್‌ಸೆಲ್ ಇದ್ದರೆ ಬದಲಿಸಿ, ಪಿಂಗಾಣಿಯ ಮೇಲಿನ ಉಪ್ಪು ಒರೆಸಿ, ಕತ್ತಲಲ್ಲಿ ಒತ್ತಿ ಕಿಡಿ ಎಲ್ಲಿಗೆ ಹಾರುತ್ತಿದೆ ನೋಡಿ. ಅದೂ ಆಗದಿದ್ದರೆ ಬೆಂಕಿಪೊಟ್ಟಣವಿದೆ.

ಹಂತ 7: ದುರಸ್ತಿ

ಹಸಿರು ಹಿಡಿದ ತಂತಿಯನ್ನು ಹೊಳಪು ಬರುವ ತನಕ ಹಿಂದಕ್ಕೆ ಕತ್ತರಿಸಿ. ಕಪ್ಪಾದ ಎಳೆ ಎಷ್ಟು ದೂರ ಹೋದರೂ ಕಾಣುತ್ತಲೇ ಇದ್ದರೆ ಇಡೀ ತಂತಿ ಬದಲಿಸಿ, ತವರ ಲೇಪಿಸಿದ ತಾಮ್ರದ್ದನ್ನೇ ಹಾಕಿ. ಜೋಡಣೆಗೆ ಒಳಗೆ ಅಂಟಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕ್ರಿಂಪ್, ಒತ್ತಲು ಸರಿಯಾದ ರ‍್ಯಾಚೆಟ್ ಕ್ರಿಂಪರ್. ಬಿಸಿಮಾಡಿದಾಗ ಎರಡು ತುದಿಯಲ್ಲೂ ಅಂಟು ಇಣುಕಬೇಕು. ಬಿಸಿಮಾಡುವ ಕೆಲಸವೂ ಸಿಲಿಂಡರ್ ದಡದಲ್ಲಿದ್ದಾಗಲೇ. ಜೋಡಣೆ ಲಾಕರಿನಲ್ಲಿ ಎತ್ತರದಲ್ಲಿರಲಿ, ನೀರು ಹನಿದು ಹೋಗುವಂತೆ ತಂತಿ ಒಮ್ಮೆ ಕೆಳಗೆ ಬಳುಕಿ ಮೇಲೇರಲಿ. ಲಾಕರಿನ ಗೋಡೆಯ ಬಿರಡೆಯನ್ನು ಮತ್ತೆ ಬಿಗಿಯಾಗಿ ಕೂರಿಸಿ. ಅದು ಸಡಿಲವಿದ್ದರೆ ಲಾಕರಿನಲ್ಲಿ ಸೋರಿದ ಗ್ಯಾಸ್ ತಂತಿಯ ದಾರಿ ಹಿಡಿದು ದೋಣಿಯೊಳಕ್ಕೇ ಇಳಿಯುತ್ತದೆ.

ಹಂತ 8: ಗ್ಯಾಸ್ ಮರಳಿಸುವುದು

ಸಿಲಿಂಡರ್ ಜೋಡಿಸಿ, ಒಲೆಯ ಗುಬ್ಬಿಗಳೆಲ್ಲ ಮುಚ್ಚಿರಲಿ, ಸೊಲೆನಾಯ್ಡ್ ಸ್ವಿಚ್ ಹಾಕಿರಲಿ. ಸ್ವಿಚ್ ಹಾಕದಿದ್ದರೆ ನೀವು ಪರೀಕ್ಷಿಸುವುದು ಸೊಲೆನಾಯ್ಡಿನ ತನಕ ಮಾತ್ರ. ಕೈ ವಾಲ್ವ್ ನಿಧಾನ ತೆರೆದು, ಗೇಜ್ ಏರಿದ ಮೇಲೆ ಮುಚ್ಚಿ, ಮುಳ್ಳಿನ ಜಾಗ ಗುರುತಿಸಿಕೊಳ್ಳಿ. ಅನಾಪೊಲಿಸ್‌ನಲ್ಲೇ ಕಚೇರಿಯಿರುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ದೋಣಿಯ ಗ್ಯಾಸಿಗೆಂದೇ ಎ-1 ಎಂಬ ಮಾನದಂಡ ಮಾಡಿದೆ; ಗೇಜ್ ನೋಡಿ ಮಾಡುವ ಈ ಸೋರಿಕೆ ಪರೀಕ್ಷೆ ಅದರದೇ. ನಾನು ಹದಿನೈದು ನಿಮಿಷ ಕಾಯುತ್ತೇನೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿ. ಅಮೋನಿಯಾ ಇರುವ ಸಾಬೂನು ಬೇಡ, ಅದು ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ.

ಕೊನೆಗೆ ಸೊಲೆನಾಯ್ಡ್ ತೆರೆಯುವುದಷ್ಟೇ ಅಲ್ಲ, ಮುಚ್ಚುತ್ತದೆಯೇ ಎಂದೂ ನೋಡಬೇಕು. ಕೈ ವಾಲ್ವ್ ತೆರೆದು ಒಂದು ಬರ್ನರ್ ಹಚ್ಚಿ, ಸ್ವಿಚ್ ಆರಿಸಿ, ಎಣಿಸಲು ಶುರುಮಾಡಿ. ಹೋಸಿನಲ್ಲಿ ಉಳಿದ ಗ್ಯಾಸ್ ಮುಗಿದು ಉರಿ ಕುಗ್ಗಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ವಾಲ್ವ್ ಸೀಟಿನಲ್ಲಿ ಕಸ ಕೂತಿದೆ, ಕೈ ವಾಲ್ವ್ ಮುಚ್ಚಿ ಸೊಲೆನಾಯ್ಡ್ ಬದಲಿಸಿ. ಆರಿದರೆ ಎಷ್ಟು ಎಣಿಕೆಗೆ ಆರಿತು ಎಂದು ತಾರೀಖಿನ ಜೊತೆ ಲಾಗ್ ಪುಸ್ತಕದಲ್ಲಿ ಬರೆದಿಡಿ. ನಮ್ಮ ದೋಣಿಯಲ್ಲಿ ಅದು 35. ಪ್ರತಿ ವಸಂತದಲ್ಲಿ ದೋಣಿ ನೀರಿಗಿಳಿಸಿದ ದಿನ ಮತ್ತೆ ಎಣಿಸುತ್ತೇವೆ.